ಹಣ್ಣಿನ ನುಸಿಯ ನರ ಮತ್ತು ನಮ್ಮ ಸಿಂಪರಣೆ

ಕಳಿತ ಬಾಳೆಗೊನೆ, ಬಿರಿದ ಹಲಸಿನ ಹಣ್ಣು, ತಿಪ್ಪೆಗೆ ಎಸೆದ ಟೊಮ್ಯಾಟೊ ಇವುಗಳ ಸುತ್ತ ಹಾರಾಡುವ, ಎಳ್ಳುಕಾಳಿನಷ್ಟು ಗಾತ್ರದ, ಕೆಂಪು ಕಣ್ಣಿನ ನುಸಿಯನ್ನು ನೋಡದ ರೈತರಿಲ್ಲ. ವಿಜ್ಞಾನಿಗಳು ಇದನ್ನು ಡ್ರೊಸೊಫಿಲಾ ಎಂದು ಕರೆಯುತ್ತಾರೆ. ಮಾವು, ಸೀಬೆಗಳ ಕಾಯನ್ನು ಚುಚ್ಚಿ ಮೊಟ್ಟೆಯಿಟ್ಟು ಹಣ್ಣಿನಲ್ಲಿ ಹುಳು ಬೀಳಿಸುವ ಹಣ್ಣು ನೊಣವೇ ಬೇರೆ, ಇದೇ ಬೇರೆ. ಅದು ಬೆಳೆಯ ಪೀಡೆ. ಇದಾದರೋ ಕೊಳೆಯುವ ಹಣ್ಣಿನಲ್ಲಿ ಬೆಳೆಯುವ ಯೀಸ್ಟನ್ನು ತಿಂದು ಬದುಕುವ ಬಡಪ್ರಾಣಿ. ಇದರಿಂದ ನಮ್ಮ ಹೊಲಗದ್ದೆಗಳಿಗೆ ಹೇಳಿಕೊಳ್ಳುವಂಥ ನಷ್ಟವೂ ಇಲ್ಲ, ಲಾಭವೂ ಇಲ್ಲ.

ಇಂಥ ನುಸಿಯನ್ನು ನೂರು ವರ್ಷಗಳಿಗೂ ಮೇಲ್ಪಟ್ಟು ವಿಜ್ಞಾನಿಗಳು ಬಾಟಲಿಗಳಲ್ಲಿ ಸಾಕುತ್ತಾ ಬಂದಿದ್ದಾರೆಂದರೆ, "ಗುಡ್ಡ ಅಗೆದು ಇಲಿ ಹಿಡಿದಂತಾಯಿತು" ಎಂದು ಯಾರಾದರೂ ನಕ್ಕರೆ ಆಶ್ಚರ್ಯವಿಲ್ಲ. ಆದರೆ ಈ ನುಸಿಯಿಂದ ದೊರೆತ ತಿಳಿವಳಿಕೆಯು ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಲಕ್ಕೆ ಇಳಿಯುವ ರೈತನಿಗೆ ಬೇಕಾದಷ್ಟು ಮತ್ತಾರಿಗೂ ಬೇಕಾಗಿಲ್ಲ, ಮತ್ತು ಅದು ಅವನಿಗೆ ಇನ್ನೂ ಸರಿಯಾಗಿ ತಲುಪಿಲ್ಲ ಎಂಬುದು ನನ್ನ ಅಭಿಪ್ರಾಯ. ನಾನು ಬೇಸಾಯಶಾಸ್ತ್ರದವನು, ಕೀಟಶಾಸ್ತ್ರ ನನ್ನ ವೃತ್ತಿಯಲ್ಲ. ಆದರೂ ಬೆಳೆಯ ಖರ್ಚುವೆಚ್ಚದ ಲೆಕ್ಕ ಹಾಕುವವನಿಗೆ ಔಷಧದ ಬಾಬನ್ನು ಬಿಟ್ಟು ಮುಂದೆ ಹೋಗಲು ಸಾಧ್ಯವಿಲ್ಲ. ಅದೇ ಈ ಲೇಖನಕ್ಕೆ ಪ್ರೇರಣೆ.

ನುಸಿಯನ್ನೇ ಏಕೆ ಆರಿಸಿದರು?

೨೫ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಈ ನುಸಿಯು ಮೊಟ್ಟೆಯಿಂದ ಪ್ರೌಢಾವಸ್ಥೆಗೆ ಬರಲು ಸುಮಾರು ೧೦ ದಿನ ಸಾಕು. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಸಾಕಲು ಒಂದು ಬಾಟಲಿ ಮತ್ತು ಒಂದಿಷ್ಟು ಗಂಜಿಯಂಥ ಆಹಾರವಿದ್ದರೆ ಆಯಿತು. ಇದರ ಜೀವಕೋಶದಲ್ಲಿ ಕೇವಲ ೪ ಜೊತೆ ವರ್ಣತಂತುಗಳಿವೆ. ದನಕರುಗಳಲ್ಲಿ ಮೂರು ತಲೆಮಾರು ನೋಡಲು ಹತ್ತಾರು ವರ್ಷ ಬೇಕಾದರೆ ಇಲ್ಲಿ ಒಂದು ತಿಂಗಳು ಸಾಕು.

೧೯೧೦ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಎಂಬ ವಿಜ್ಞಾನಿ ಕೆಂಪು ಕಣ್ಣಿನ ನುಸಿಗಳ ನಡುವೆ ಬಿಳಿ ಕಣ್ಣಿನ ಒಂದು ಗಂಡನ್ನು ಗುರುತಿಸಿದರು. ಅದರ ಸಂತಾನವನ್ನು ಎಣಿಸುತ್ತಾ ಹೋಗಿ ವಂಶವಾಹಿಗಳು ವರ್ಣತಂತುಗಳ ಮೇಲೆ ಇವೆ ಎಂಬುದನ್ನು ತೋರಿಸಿಕೊಟ್ಟರು. ಇದಕ್ಕಾಗಿ ಅವರಿಗೆ ೧೯೩೩ರ ನೊಬೆಲ್ ಪಾರಿತೋಷಕ ದೊರೆಯಿತು. ಅವರ ಶಿಷ್ಯ ಹರ್ಮನ್ ಮಲ್ಲರ್ ೧೯೨೭ರಲ್ಲಿ ಇದೇ ನುಸಿಗೆ ಕ್ಷ-ಕಿರಣ ಹಾಯಿಸಿ ವಂಶವಾಹಿಗಳಲ್ಲಿ ಬದಲಾವಣೆ ಉಂಟುಮಾಡಬಹುದೆಂದು ತೋರಿಸಿದರು. ಈ ವಿಧಾನವೇ ಮುಂದೆ ಸಸ್ಯ ತಳಿ ಅಭಿವೃದ್ಧಿಗೂ ಬಂದಿತು. ನಮ್ಮ ಶೇಂಗಾ ಬೆಳೆಗಾರರು ಬಲ್ಲ ಟಿ.ಎ.ಜಿ. ೨೪ ತಳಿಯ ಹಿಂದೆ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದಲ್ಲಿ ವಿಕಿರಣದಿಂದ ಪಡೆದ ತಳಿಗಳಿವೆ. ನುಸಿಯ ಬಾಟಲಿಗೂ ನಮ್ಮ ಶೇಂಗಾ ಹೊಲಕ್ಕೂ ಇರುವ ಮೊದಲ ನಂಟು ಇದು.

ವಂಶವಾಹಿ ಎಂಬುದು ಜೀವಕೋಶವು ಒಂದೊಂದು ಪ್ರೋಟೀನನ್ನು ಹೇಗೆ ಕಟ್ಟಬೇಕೆಂದು ಹೇಳುವ ಬರಹ. ತಲೆಮಾರಿನಿಂದ ತಲೆಮಾರಿಗೆ ಇದರ ನಕಲು ಆಗುತ್ತಿರುತ್ತದೆ. ಪಹಣಿ ನಕಲು ಮಾಡುವಾಗ ಸರ್ವೆ ನಂಬರಿನ ಒಂದು ಅಂಕಿ ತಪ್ಪಿದರೆ ಹೇಗೋ ಹಾಗೆ, ಈ ಬರಹದಲ್ಲಿ ಒಂದು ಅಕ್ಷರ ಬದಲಾದರೆ ಅದನ್ನು ಉತ್ಪರಿವರ್ತನೆ ಎನ್ನುತ್ತೇವೆ. ಕೆಲವು ತಪ್ಪುಗಳಿಂದ ಏನೂ ಆಗುವುದಿಲ್ಲ. ಕೆಲವು ಜೀವಕ್ಕೇ ಸಂಚಕಾರ ತರುತ್ತವೆ. ಅಪರೂಪಕ್ಕೆ ಒಂದು ತಪ್ಪು ಯಾವುದೋ ಒಂದು ಸಂದರ್ಭದಲ್ಲಿ ಉಪಯೋಗಕ್ಕೆ ಬರುತ್ತದೆ.

ಮೈ ಕಟ್ಟುವ ವಂಶವಾಹಿಗಳು

ನುಸಿಗೆ ಇರುವುದು ಒಂದೇ ಜೊತೆ ರೆಕ್ಕೆ. ಎರಡನೆಯ ಜೊತೆಯ ಜಾಗದಲ್ಲಿ ಗುಂಡುಸೂಜಿಯಾಕಾರದ, ಹಾರುವಾಗ ತೂಕ ಹಿಡಿಯುವ ಅಂಗವಿದೆ. ಬೈಥೊರಾಕ್ಸ್ ಎಂಬ ವಂಶವಾಹಿ ಸಮೂಹದಲ್ಲಿ ಕೆಲವು ಬದಲಾವಣೆಗಳು ಒಟ್ಟುಗೂಡಿದರೆ ಆ ಅಂಗವಿರುವ ಕಡೆ ಇನ್ನೊಂದು ಜೊತೆ ರೆಕ್ಕೆಯೇ ಮೂಡಿ ನಾಲ್ಕು ರೆಕ್ಕೆಯ ನುಸಿ ಹುಟ್ಟುತ್ತದೆ. ಆಂಟೆನಪೀಡಿಯ ಎಂಬ ವಂಶವಾಹಿಯಲ್ಲಿ ವ್ಯತ್ಯಾಸವಾದರೆ ತಲೆಯ ಮೇಲೆ ಮೀಸೆ ಇರಬೇಕಾದ ಜಾಗದಲ್ಲಿ ಕಾಲು ಬೆಳೆಯುತ್ತದೆ. ಮೈಯ ಯಾವ ಭಾಗದಲ್ಲಿ ಯಾವ ಅಂಗ ಬರಬೇಕೆಂದು ಅಪ್ಪಣೆ ಕೊಡುವ ವಂಶವಾಹಿಗಳು ಇವೆ ಎಂಬುದು ಇದರಿಂದ ಖಚಿತವಾಯಿತು. ಈ ಕೆಲಸ ಮಾಡಿದ ಎಡ್ವರ್ಡ್ ಲೂಯಿಸ್, ಹಾಗೂ ಭ್ರೂಣದ ಮೈಯ ಭಾಗಗಳನ್ನು ವಿಂಗಡಿಸುವ ವಂಶವಾಹಿಗಳನ್ನು ೧೯೮೦ರಲ್ಲಿ ಪಟ್ಟಿ ಮಾಡಿಕೊಟ್ಟ ಕ್ರಿಸ್ಟಿಯಾನೆ ನುಸ್ಲೈನ್-ಫೋಲ್ಹಾರ್ಡ್ ಮತ್ತು ಎರಿಕ್ ವೀಷೌಸ್ ಈ ಮೂವರಿಗೆ ೧೯೯೫ರ ನೊಬೆಲ್ ಪಾರಿತೋಷಕ ಸಂದಿತು.

ಇಲ್ಲಿ ರೈತರು ಗಮನಿಸಬೇಕಾದ ಅಂಶ ಒಂದಿದೆ. ಮೈ ಕಟ್ಟುವ ವಂಶವಾಹಿಗಳಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಮರಿಯನ್ನು ಮೊಟ್ಟೆಯೊಳಗೇ ಕೊಲ್ಲುತ್ತವೆ. ನಿಸರ್ಗದ ಜರಡಿ ಬಹಳ ಸಣ್ಣ ಕಣ್ಣಿನದು. ಹೊಲದಲ್ಲಿ ಉಳಿದು ಬಾಳುವ ಉತ್ಪರಿವರ್ತನೆ ಎಂದರೆ ಮೈಯ ಕೆಲಸವನ್ನು ಹೆಚ್ಚು ಕೆಡಿಸದೆ ಇರುವಂಥದ್ದು ಮಾತ್ರ. ಈ ಮಾತನ್ನು ನೆನಪಿನಲ್ಲಿಡಬೇಕು, ಮುಂದೆ ಇದರ ಪ್ರಯೋಜನವಿದೆ.

ನರದ ತೂಬು

ನರವೆಂದರೆ ಸುದ್ದಿ ಸಾಗಿಸುವ ಕಾಲುವೆ. ನರದ ಗೋಡೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ತೂಬುಗಳಿವೆ. ಕೆರೆಯ ತೂಬನ್ನು ಎತ್ತಿದಾಗ ನೀರು ನುಗ್ಗುವಂತೆ, ಈ ತೂಬು ತೆರೆದಾಗ ಸೋಡಿಯಂ ಕಣಗಳು ಒಳನುಗ್ಗುತ್ತವೆ, ಸುದ್ದಿ ಮುಂದೆ ಸಾಗುತ್ತದೆ. ಕೂಡಲೇ ಈ ತೂಬು ಮುಚ್ಚಿ ಪೊಟಾಸಿಯಂ ತೂಬು ತೆರೆದುಕೊಂಡು ನರವು ಮೊದಲಿನ ಸ್ಥಿತಿಗೆ ಬರುತ್ತದೆ. ಇದೆಲ್ಲ ನಡೆಯುವುದು ಒಂದು ಸೆಕೆಂಡಿನ ಸಾವಿರದ ಕೆಲವೇ ಪಾಲಿನಲ್ಲಿ.

ಈ ತೂಬುಗಳ ಗುಟ್ಟು ಬಯಲಾದದ್ದರಲ್ಲಿ ನುಸಿಯ ಪಾಲು ದೊಡ್ಡದು. ಈಥರ್ ಕೊಟ್ಟು ಮಂಪರು ಬರಿಸಿದಾಗ ಕೆಲವು ನುಸಿಗಳು ಕಾಲನ್ನು ಗಡಗಡ ನಡುಗಿಸುತ್ತಿದ್ದವು. ಆ ತಳಿಗೆ ನಡುಗುವುದು ಎಂಬರ್ಥದಲ್ಲಿ ಶೇಕರ್ ಎಂದು ಹೆಸರಾಯಿತು. ಅದರಲ್ಲಿ ಕೆಟ್ಟಿದ್ದು ಪೊಟಾಸಿಯಂ ತೂಬು ಎಂದು ಮುಂದೆ ತಿಳಿಯಿತು. ೧೯೭೧ರಲ್ಲಿ ಡೇವಿಡ್ ಸುಜುಕಿ ಮತ್ತು ಸಂಗಡಿಗರು ಇನ್ನೊಂದು ತಳಿಯನ್ನು ವರದಿ ಮಾಡಿದರು. ೨೨ ಡಿಗ್ರಿಯಲ್ಲಿ ಚೆನ್ನಾಗಿ ಓಡಾಡಿಕೊಂಡಿದ್ದ ಈ ನುಸಿಗಳು ೨೯ ಡಿಗ್ರಿಗೆ ಬಂದೊಡನೆ ಪಾರ್ಶ್ವವಾಯು ಬಡಿದಂತೆ ಬಿದ್ದುಬಿಡುತ್ತಿದ್ದವು. ತಂಪಿಗೆ ತಂದರೆ ಮತ್ತೆ ಎದ್ದು ನಡೆಯುತ್ತಿದ್ದವು. ಈ ವಂಶವಾಹಿಗೆ ಪ್ಯಾರಾಲಿಟಿಕ್ ಅಥವಾ ಚಿಕ್ಕದಾಗಿ ಪ್ಯಾರಾ ಎಂದು ಹೆಸರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಒಬೈದ್ ಸಿದ್ದಿಕಿಯವರು ಅಮೆರಿಕದ ಸೀಮೋರ್ ಬೆಂಜರ್ ಅವರೊಡನೆ ಇಂಥ ತಳಿಗಳ ನರಗಳನ್ನು ಪರೀಕ್ಷಿಸಿ ೧೯೭೬ರಲ್ಲಿ ಫಲಿತಾಂಶ ಪ್ರಕಟಿಸಿದರು. ಮುಂದೆ ಅದೇ ಸಿದ್ದಿಕಿಯವರು ಕಟ್ಟಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವು ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲೇ ಇದೆ. ರಾಗಿ ತಾಕುಗಳ ನೆರೆಯಲ್ಲೇ ನುಸಿಯ ನರದ ಅಧ್ಯಯನ ನಡೆಯುತ್ತಿದೆ ಎಂಬುದು ಹಲವು ರೈತರಿಗೆ ಹೊಸ ಸುದ್ದಿಯಾಗಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲೂ ಡ್ರೊಸೊಫಿಲಾ ತಳಿಗಳನ್ನು ಬಹಳ ಕಾಲದಿಂದ ಸಂಗ್ರಹಿಸಿ ಕಾಪಾಡಲಾಗುತ್ತಿದೆ.

೧೯೮೯ರಲ್ಲಿ ಪ್ಯಾರಾ ವಂಶವಾಹಿಯ ಬರಹವನ್ನು ಓದಲಾಯಿತು. ಅದು ಸೋಡಿಯಂ ತೂಬನ್ನು ಕಟ್ಟುವ ವಂಶವಾಹಿಯೇ ಆಗಿತ್ತು. ನಮ್ಮ ಕಥೆ ಶುರುವಾಗುವುದು ಇಲ್ಲಿಂದ.

ನಮ್ಮ ಬಾಟಲಿಗಳು ಬಡಿಯುವ ಜಾಗ

ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಲ್ಯಾಮ್ಡಾ ಸೈಹಲೋಥ್ರಿನ್, ಫೆನ್‌ವಲರೇಟ್ ಇವೆಲ್ಲ ಪೈರಿಥ್ರಾಯ್ಡ್ ಗುಂಪಿನವು. ಇವು ಕೂರುವ ಜಾಗ ಅದೇ ಸೋಡಿಯಂ ತೂಬು. ಹಿಂದಿನ ಡಿ.ಡಿ.ಟಿ.ಯ ಜಾಗವೂ ಅದೇ. ತೆರೆದ ತೂಬು ಮುಚ್ಚದಂತೆ ಇವು ಗೂಟ ಜಡಿಯುತ್ತವೆ. ನರವು ಬಿಡುವಿಲ್ಲದೆ ಸುದ್ದಿ ಕಳಿಸುತ್ತಾ ಹುಳು ಒದ್ದಾಡಿ ಸಾಯುತ್ತದೆ.

ಮೆಲಾಥಿಯಾನ್, ಕ್ವಿನಾಲ್‌ಫಾಸ್, ಪ್ರೊಫೆನೊಫಾಸ್, ಡೈಮಿಥೊಯೇಟ್ ಮೊದಲಾದ ರಂಜಕಯುಕ್ತ ಔಷಧಗಳ ಜಾಗ ಬೇರೆ. ಒಂದು ನರದಿಂದ ಇನ್ನೊಂದಕ್ಕೆ ಸುದ್ದಿ ದಾಟಿಸುವ ಅಸಿಟೈಲ್ ಕೋಲಿನ್ ಎಂಬ ವಸ್ತುವನ್ನು ಕೆಲಸ ಮುಗಿದ ಕೂಡಲೇ ಒಡೆದು ಹಾಕುವ ಕಿಣ್ವವೊಂದಿದೆ. ಇವು ಆ ಕಿಣ್ವದ ಕೈ ಕಟ್ಟಿಹಾಕುತ್ತವೆ. ಇಮಿಡಾಕ್ಲೋಪ್ರಿಡ್, ಥಯೋಮೆಥಾಕ್ಸಾಮ್, ಅಸಿಟಾಮಿಪ್ರಿಡ್ ಇವು ಅಸಿಟೈಲ್ ಕೋಲಿನ್‌ನಂತೆಯೇ ವೇಷ ಹಾಕಿ ಅದರ ಜಾಗದಲ್ಲಿ ಕೂರುತ್ತವೆ. ಫಿಪ್ರೋನಿಲ್, ಮತ್ತು ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿಷೇಧಿಸಿದ ಎಂಡೋಸಲ್ಫಾನ್, ನರವನ್ನು ಸಮಾಧಾನಪಡಿಸುವ ಕ್ಲೋರೈಡ್ ತೂಬನ್ನು ಅಡ್ಡಗಟ್ಟುತ್ತವೆ.

ಅಂಗಡಿಯ ಕಪಾಟಿನಲ್ಲಿ ನೂರು ಹೆಸರಿನ ಬಾಟಲಿಗಳಿರಬಹುದು. ಆದರೆ ಹುಳುವಿನ ಮೈಯಲ್ಲಿ ಅವು ಬಡಿಯುವ ಜಾಗಗಳು ಎಣಿಸಿದರೆ ಬೆರಳೆಣಿಕೆಯಷ್ಟೇ. ಈ ಒಂದು ಮಾತು ಅರ್ಥವಾದರೆ ಅರ್ಧ ಪಾಠ ಮುಗಿದಂತೆ.

ಹುಳು ಒಗ್ಗುವುದಲ್ಲ, ಆಯ್ಕೆಯಾಗುವುದು

ಔಷಧ ಕೆಲಸ ಮಾಡದಿದ್ದಾಗ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, "ಔಷಧ ಕಲಬೆರಕೆ". ಕಲಬೆರಕೆ ಇಲ್ಲವೆಂದು ನಾನು ಹೇಳಲಾರೆ. ಆದರೆ ಎಲ್ಲ ಸೋಲಿಗೂ ಅದೇ ಕಾರಣವಲ್ಲ. ಇನ್ನೊಂದು, "ಹುಳುವಿಗೆ ಔಷಧ ಒಗ್ಗಿಹೋಗಿದೆ". ಕುಡುಕನಿಗೆ ಹೆಂಡ ಒಗ್ಗಿದಂತೆ ಹುಳುವಿಗೂ ವಿಷ ಒಗ್ಗುತ್ತದೆ ಎಂಬ ಭಾವನೆ ಇದರ ಹಿಂದಿದೆ. ಈ ಭಾವನೆ ತಪ್ಪು ಎಂಬುದನ್ನು ನುಸಿ ಬಹಳ ಹಿಂದೆಯೇ ತೋರಿಸಿಕೊಟ್ಟಿದೆ.

೧೯೬೦ರಲ್ಲಿ ಪ್ರಕಟವಾದ ಒಂದು ಪ್ರಯೋಗ ಹೀಗಿದೆ. ನುಸಿಗಳ ಹಲವು ಸಂಸಾರಗಳನ್ನು ತೆಗೆದುಕೊಂಡು ಪ್ರತಿಯೊಂದರ ಮಕ್ಕಳನ್ನು ಎರಡು ಭಾಗ ಮಾಡಿದರು. ಒಂದು ಭಾಗಕ್ಕೆ ಡಿ.ಡಿ.ಟಿ. ಕೊಟ್ಟು ನೋಡಿದರು. ಇನ್ನೊಂದು ಭಾಗಕ್ಕೆ ವಿಷದ ಸೋಂಕೇ ಇಲ್ಲ. ಯಾವ ಸಂಸಾರದ ಮಕ್ಕಳು ವಿಷಕ್ಕೆ ಹೆಚ್ಚು ತಡೆದುಕೊಂಡವೋ ಆ ಸಂಸಾರದಲ್ಲಿ ವಿಷ ಕಾಣದೆ ಉಳಿದ ಅಣ್ಣತಂಗಿಯರಿಂದಲೇ ಮುಂದಿನ ಪೀಳಿಗೆ ಬೆಳೆಸಿದರು. ಹೀಗೆಯೇ ಪೀಳಿಗೆಯ ಮೇಲೆ ಪೀಳಿಗೆ ನಡೆಸಿದಾಗ ಡಿ.ಡಿ.ಟಿ.ಯನ್ನು ತಡೆದುಕೊಳ್ಳುವ ತಳಿ ಸಿದ್ಧವಾಯಿತು. ಆ ತಳಿಯ ಪೂರ್ವಿಕರಲ್ಲಿ ಒಂದೂ ವಿಷ ಮುಟ್ಟಿರಲಿಲ್ಲ! ಅಂದರೆ, ವಿಷವನ್ನು ತಡೆಯುವ ಗುಣವನ್ನು ವಿಷ ಹುಟ್ಟಿಸುವುದಿಲ್ಲ. ಅದು ಮೊದಲೇ ಎಲ್ಲೋ ಒಂದೆರಡು ಹುಳುಗಳಲ್ಲಿ ಆಕಸ್ಮಿಕವಾಗಿ ಇರುತ್ತದೆ. ಸಿಂಪರಣೆಯು ಅದನ್ನು ಆರಿಸಿ ಬಿತ್ತನೆಗೆ ಇಟ್ಟುಕೊಡುತ್ತದೆ, ಅಷ್ಟೆ. ನಾವು ರಾಗಿಯ ಒಳ್ಳೆಯ ತೆನೆಯನ್ನು ಬೀಜಕ್ಕೆ ಆರಿಸುವ ಕೆಲಸಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ. ಒಂದು ಹೊಲದಲ್ಲಿ ೧ ಲಕ್ಷ ಹುಳುಗಳಿವೆ. ಅವುಗಳಲ್ಲಿ ೧೦ಕ್ಕೆ ಮಾತ್ರ ತಡೆಯುವ ಗುಣವಿದೆ. ಒಂದೊಂದು ಸಿಂಪರಣೆಯೂ ಉಳಿದವುಗಳಲ್ಲಿ ೧೦೦ಕ್ಕೆ ೯೦ನ್ನು ಕೊಲ್ಲುತ್ತದೆ. ಮೊದಲ ಸಿಂಪರಣೆಯ ನಂತರ ೧೦,೦೦೦ ಸಾಮಾನ್ಯ ಹುಳುವಿಗೆ ೧೦ ನಿರೋಧಕ ಹುಳು. ಎರಡನೆಯದರ ನಂತರ ೧,೦೦೦ಕ್ಕೆ ೧೦. ಮೂರನೆಯದರ ನಂತರ ೧೦೦ಕ್ಕೆ ೧೦. ನಾಲ್ಕನೆಯದರ ನಂತರ ೧೦ಕ್ಕೆ ೧೦. ಮೊದಲು ಹತ್ತು ಸಾವಿರಕ್ಕೆ ಒಂದಿದ್ದದ್ದು ಈಗ ಎರಡಕ್ಕೆ ಒಂದು. ಉಳಿದ ಹುಳುಗಳು ಮತ್ತೆ ಸಂತಾನ ಬೆಳೆಸಿದಾಗ ಹೊಲದ ಅರ್ಧ ಹುಳುಗಳಿಗೆ ಆ ಔಷಧ ನೀರಿಗೆ ಸಮ. ನಿಜವಾದ ಹೊಲದಲ್ಲಿ ಪಕ್ಕದ ಬದು, ಕಳೆ, ಸಿಂಪಡಿಸದ ಹೊಲಗಳಿಂದ ಸಾಮಾನ್ಯ ಹುಳುಗಳು ಬಂದು ಸೇರುವುದರಿಂದ ಇದು ಇಷ್ಟು ಬೇಗ ಆಗಲಿಕ್ಕಿಲ್ಲ. ಆದರೆ ಊರೆಲ್ಲ ಒಂದೇ ವಾರದಲ್ಲಿ ಒಂದೇ ಗುಂಪಿನ ಔಷಧ ಹೊಡೆದರೆ ಬಂದು ಸೇರಲು ಅಂಥ ಹುಳುಗಳೇ ಉಳಿಯುವುದಿಲ್ಲ. ಹತ್ತಿಯಲ್ಲಿ ಆಶ್ರಯ ಸಾಲು ಬಿಡಬೇಕೆಂದು ಹೇಳುತ್ತಿದ್ದದ್ದು ಇದಕ್ಕಾಗಿಯೇ. ಆ ಮಾತನ್ನು ಬಹುಪಾಲು ಕಡೆ ಪಾಲಿಸಲಿಲ್ಲ. ಗುಲಾಬಿ ಕಾಯಿಕೊರಕವು ಮೊದಲ ಬಿ.ಟಿ. ಪ್ರೋಟೀನನ್ನು ಜಯಿಸಿದ ಸುದ್ದಿ ೨೦೧೦ರಲ್ಲಿ ಗುಜರಾತಿನಿಂದ ಬಂದಿತು.

ಒಂದೇ ಬದಲಾವಣೆ, ಹಲವು ಹುಳು

ಮೊದಲು ಹೇಳಿದ ಜರಡಿಯ ಮಾತನ್ನು ಈಗ ನೆನಪಿಸಿಕೊಳ್ಳಬೇಕು. ತೂಬನ್ನು ಮನಬಂದಂತೆ ಬದಲಾಯಿಸಿದರೆ ಹುಳುವೇ ಬದುಕುವುದಿಲ್ಲ. ನರದ ಕೆಲಸ ಕೆಡದೆ ವಿಷ ಮಾತ್ರ ಕೂರದಂತೆ ಆಗುವ ಬದಲಾವಣೆಗಳು ಕೆಲವೇ ಕೆಲವು. ಆದಕಾರಣ ಬೇರೆ ಬೇರೆ ಹುಳುಗಳಲ್ಲಿ, ಬೇರೆ ಬೇರೆ ದೇಶಗಳಲ್ಲಿ, ಅದೇ ಜಾಗದ ಅದೇ ಬದಲಾವಣೆ ಮತ್ತೆ ಮತ್ತೆ ಕಾಣಿಸುತ್ತದೆ.

ಡೀಲ್ಡ್ರಿನ್ ಎಂಬ ಹಳೆಯ ವಿಷವನ್ನು ತಡೆಯುವ ನುಸಿಯಲ್ಲಿ ಕ್ಲೋರೈಡ್ ತೂಬಿನ ೩೦೨ನೆಯ ಸ್ಥಾನದಲ್ಲಿ ಅಲನಿನ್ ಬದಲು ಸೆರಿನ್ ಇದೆಯೆಂದು ೧೯೯೩ರಲ್ಲಿ ತಿಳಿಯಿತು. ಮರುವರ್ಷವೇ ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ಎಂಡೋಸಲ್ಫಾನಿಗೆ ಬಗ್ಗದಿದ್ದ ಕಾಫಿಯ ಕಾಯಿಕೊರಕದಲ್ಲೂ ಇದೇ ತೂಬಿನ ಇದೇ ಬದಲಾವಣೆ ಇರುವುದು ವರದಿಯಾಯಿತು. ಬೆಳೆಗಾರರು ಬೆರ್ರಿ ಬೋರರ್ ಎನ್ನುವ ಇದೇ ಕೀಟ ೧೯೯೦ರಲ್ಲಿ ನೀಲಗಿರಿಯ ಗುಡಲೂರಿನಲ್ಲಿ ಕಾಣಿಸಿಕೊಂಡು ನಂತರ ನಮ್ಮ ಕೊಡಗಿಗೂ ಹಬ್ಬಿತು. ಮನೆನೊಣದ ಸೋಡಿಯಂ ತೂಬಿನ ೧೦೧೪ನೆಯ ಸ್ಥಾನದಲ್ಲಿ ಲ್ಯೂಸಿನ್ ಬದಲು ಫಿನೈಲ್ ಅಲನಿನ್ ಬಂದರೆ ಡಿ.ಡಿ.ಟಿ. ಮತ್ತು ಪೈರಿಥ್ರಾಯ್ಡ್ ಎರಡೂ ಸೋಲುತ್ತವೆ ಎಂದು ೧೯೯೬ರಲ್ಲಿ ಗೊತ್ತಾಯಿತು. ಎಲೆಕೋಸಿನ ವಜ್ರಬೆನ್ನಿನ ಪತಂಗದಲ್ಲೂ, ಮಲೇರಿಯಾ ಹರಡುವ ಸೊಳ್ಳೆಯಲ್ಲೂ ಅದೇ ಸ್ಥಾನ, ಅದೇ ಬದಲಾವಣೆ!

ನರದ ಔಷಧ ಬೇಡ, ಹುಳುವಿನ ಬೆಳವಣಿಗೆಯನ್ನೇ ತಡೆಯುವ ಔಷಧ ಹೊಡೆದರೆ ಹೇಗೆ? ನೊವಾಲ್ಯುರಾನ್, ಲುಫೆನ್ಯುರಾನ್, ಬುಪ್ರೊಫೆಜಿನ್ ಮುಂತಾದವು ಪೊರೆ ಬಿಡುವಾಗ ಹೊಸ ಚರ್ಮಕ್ಕೆ ಬೇಕಾದ ಕೈಟಿನ್ ತಯಾರಾಗದಂತೆ ಮಾಡುತ್ತವೆ. ಆದರೆ ವಜ್ರಬೆನ್ನಿನ ಪತಂಗದಲ್ಲಿ ಕಂಡ ಒಂದೇ ಒಂದು ಬದಲಾವಣೆಯನ್ನು ನುಸಿಯ ಕೈಟಿನ್ ವಂಶವಾಹಿಯಲ್ಲಿ ಮಾಡಿ ನೋಡಿದಾಗ, ಬೇರೆ ಬೇರೆ ಗುಂಪಿನವೆಂದು ಎಣಿಸಿದ್ದ ಈ ಔಷಧಗಳು ಒಟ್ಟಿಗೇ ಸೋತದ್ದು ೨೦೧೬ರಲ್ಲಿ ವರದಿಯಾಯಿತು.

ಇನ್ನೂ ಒಂದು ಉದಾಹರಣೆಯಿದೆ, ಇದು ಎಲ್ಲಕ್ಕಿಂತ ಮುಖ್ಯ. ನುಸಿಯ ಮೈಯಲ್ಲಿ ವಿಷವನ್ನು ಜೀರ್ಣಿಸಿ ಹೊರಹಾಕುವ ಕಿಣ್ವಗಳಿವೆ. ಅಂಥ ಒಂದು ಕಿಣ್ವದ ವಂಶವಾಹಿಯ ಮುಂದೆ ತುಣುಕೊಂದು ಬಂದು ಸೇರಿದ್ದರಿಂದ ಆ ಕಿಣ್ವ ಬಹಳ ಹೆಚ್ಚಾಗಿ ತಯಾರಾಗಿ ಡಿ.ಡಿ.ಟಿ. ಸೋತಿತೆಂದು ೨೦೦೨ರಲ್ಲಿ ತೋರಿಸಲಾಯಿತು. ಹಲವು ದೇಶಗಳ ನಿರೋಧಕ ನುಸಿಗಳಲ್ಲಿ ಇದೇ ಬದಲಾವಣೆ ಇತ್ತು. ಈ ನುಸಿಗಳು ಇಮಿಡಾಕ್ಲೋಪ್ರಿಡನ್ನೂ ತಡೆದುಕೊಳ್ಳುತ್ತಿದ್ದವು. ಈ ಎರಡು ಔಷಧಗಳು ಬಡಿಯುವ ಜಾಗ ಬೇರೆ ಬೇರೆ, ನೆನಪಿರಲಿ. ಅಜ್ಜನ ಕಾಲದ ಔಷಧ ಮೊಮ್ಮಗನ ಕಾಲದ ಔಷಧವನ್ನು ಕೆಡಿಸಿತು. ಆದುದರಿಂದ ಗುಂಪು ಬದಲಾಯಿಸಿ ಹೊಡೆಯುವುದು ಅಗತ್ಯವಾದರೂ ಅದೊಂದೇ ಸಾಲದು. ಸಿಂಪರಣೆಯ ಸಂಖ್ಯೆಯೇ ಕಡಿಮೆಯಾಗಬೇಕು. ಹೊಸ ಔಷಧ ಬರುತ್ತದೆ, ಆಗ ನೋಡಿಕೊಳ್ಳೋಣ ಎಂಬ ಧೈರ್ಯಕ್ಕೆ ಆಧಾರವಿಲ್ಲ.

ಯಾರ ನರ ಬದಲಾಗಿಲ್ಲ?

ಹುಳು ಸಾಯದಿದ್ದಾಗ ನಾವು ಸಾಮಾನ್ಯವಾಗಿ ಮಾಡುವುದೇನು? ಟ್ಯಾಂಕಿಗೆ ಹಾಕುವ ಅಳತೆಯನ್ನು ಎರಡರಷ್ಟು ಮಾಡುತ್ತೇವೆ. ಎರಡು ಮೂರು ಬಾಟಲಿ ಬೆರೆಸುತ್ತೇವೆ. ವಾರಕ್ಕೆ ಎರಡು ಸಲ ಹೊಡೆಯುತ್ತೇವೆ. ಇದರ ಪರಿಣಾಮವನ್ನು ಸ್ವಲ್ಪ ಯೋಚಿಸಿ ನೋಡಬೇಕು.

ಅಸಿಟೈಲ್ ಕೋಲಿನನ್ನು ಒಡೆಯುವ ಕಿಣ್ವ ಹುಳುವಿನಲ್ಲಿರುವಂತೆಯೇ ನಮ್ಮ ಮೈಯಲ್ಲೂ ಇದೆ. ನುಸಿಯಲ್ಲಿ ಈ ಕಿಣ್ವದ ಹಲವು ಸಣ್ಣ ಬದಲಾವಣೆಗಳನ್ನು ಗುರುತಿಸಲಾಗಿದೆ. ಅವು ಒಂದಕ್ಕೊಂದು ಸೇರಿದಷ್ಟೂ ರಂಜಕಯುಕ್ತ ಔಷಧಗಳನ್ನು ತಡೆಯುವ ಶಕ್ತಿ ಹೆಚ್ಚುತ್ತದೆ. ಹುಳುವಿನ ಕಿಣ್ವ ಹೀಗೆ ಬದಲಾದೀತು. ಸಿಂಪಡಿಸುವವನ ಕಿಣ್ವ ಬದಲಾಗುವುದಿಲ್ಲ. ಹುಳು ಒಂದು ವರ್ಷದಲ್ಲಿ ಹತ್ತು ಪೀಳಿಗೆ ಕಳೆಯುವಷ್ಟರಲ್ಲಿ ನಮಗೆ ಒಂದು ವಯಸ್ಸು ಹೆಚ್ಚುತ್ತದೆ, ಅಷ್ಟೆ. ಎರಡರಷ್ಟು ಅಳತೆ ಹಾಕಿದಾಗ ನಿರೋಧಕ ಹುಳು ಉಳಿಯುತ್ತದೆ. ಅದರ ಪೂರ್ಣ ಪೆಟ್ಟು ಬೀಳುವುದು ಪಂಪು ಹೊತ್ತವನ ಮೇಲೆ, ಮರುದಿನ ಕಳೆ ತೆಗೆಯಲು ಬರುವ ಹೆಣ್ಣುಮಕ್ಕಳ ಮೇಲೆ, ಹೂವಿಗೆ ಬರುವ ಜೇನಿನ ಮೇಲೆ, ಪಕ್ಕದ ಹಿಪ್ಪುನೇರಳೆ ಸೊಪ್ಪು ತಿನ್ನುವ ರೇಷ್ಮೆ ಹುಳುವಿನ ಮೇಲೆ. ಜೇನೂ ರೇಷ್ಮೆ ಹುಳುವೂ ಕೀಟಗಳೇ. ಅವುಗಳ ನರದಲ್ಲೂ ಇವೇ ತೂಬುಗಳಿವೆ. ವಿಷಕ್ಕೆ ಮಿತ್ರ ಶತ್ರು ಎಂಬ ಭೇದ ತಿಳಿಯದು. ಜೇಡ, ಗುಲಗಂಜಿ ಹುಳು ಮುಂತಾದ ಮಿತ್ರಕೀಟಗಳು ಮೊದಲು ಸತ್ತು, ಪೀಡೆಯ ಹುಳು ಕಾವಲಿಲ್ಲದ ಹೊಲದಲ್ಲಿ ಮೇಯುತ್ತದೆ.

೧೯೮೭-೮೮ರಲ್ಲಿ ನೆರೆಯ ಆಂಧ್ರದ ಗುಂಟೂರು, ಪ್ರಕಾಶಂ ಜಿಲ್ಲೆಗಳ ಹತ್ತಿ ರೈತರು ಪೈರಿಥ್ರಾಯ್ಡ್ ಔಷಧಗಳನ್ನು ಮತ್ತೆ ಮತ್ತೆ ಹೊಡೆದರೂ ಕಾಯಿಕೊರ‍ಕ ಹುಳು ಸಾಯದೆ ಬೆಳೆ ಕಳೆದುಕೊಂಡರು. ಆ ಹುಳುವಿನಲ್ಲಿ ನಿರೋಧಕ ಶಕ್ತಿ ಬಂದಿರುವುದು ಪರೀಕ್ಷೆಯಿಂದ ತಿಳಿದದ್ದು ಸಾಲ ಹೊರೆಯಾದ ಮೇಲೆ. ಮೊದಲೇ ತಿಳಿದಿದ್ದರೆ ಆ ಔಷಧದ ಹಣವಾದರೂ ಉಳಿಯುತ್ತಿತ್ತು.

ಆಗಬೇಕಾದ್ದೇನು?

ಬಾಟಲಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತು ಇರುತ್ತದೆ. ಮನುಷ್ಯನಿಗೆ ಅದು ಎಷ್ಟು ವಿಷಕಾರಿ ಎಂಬುದನ್ನು ಈ ಬಣ್ಣ ತಿಳಿಸುತ್ತದೆ. ಹುಳುವಿನ ಯಾವ ಜಾಗಕ್ಕೆ ಬಡಿಯುತ್ತದೆ ಎಂಬುದನ್ನು ಬಣ್ಣ ತಿಳಿಸುವುದಿಲ್ಲ. ಅದಕ್ಕೆ ಅಂತರರಾಷ್ಟ್ರೀಯವಾಗಿ ಒಪ್ಪಿದ ಗುಂಪಿನ ಸಂಖ್ಯೆಗಳಿವೆ. ರಂಜಕಯುಕ್ತ ಔಷಧಗಳು ಮತ್ತು ಕಾರ್ಬಮೇಟುಗಳು ೧, ಫಿಪ್ರೋನಿಲ್ ೨, ಪೈರಿಥ್ರಾಯ್ಡುಗಳು ೩, ಇಮಿಡಾಕ್ಲೋಪ್ರಿಡ್ ಜಾತಿಯವು ೪, ಸ್ಪೈನೋಸಾಡ್ ೫, ಎಮಾಮೆಕ್ಟಿನ್ ೬, ಬಿ.ಟಿ. ೧೧, ನೊವಾಲ್ಯುರಾನ್ ಜಾತಿಯವು ೧೫, ಬುಪ್ರೊಫೆಜಿನ್ ೧೬, ಕ್ಲೋರಂಟ್ರನಿಲಿಪ್ರೋಲ್ ೨೮. ಈ ಸಂಖ್ಯೆಯು ಬಾಟಲಿಯ ಮೇಲೆ, ಬಣ್ಣದ ಗುರುತಿನ ಪಕ್ಕದಲ್ಲೇ, ದಪ್ಪ ಕನ್ನಡ ಅಂಕಿಯಲ್ಲಿ ಇರಲೇಬೇಕೆಂದು ಕಡ್ಡಾಯ ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ವಿಶ್ವವಿದ್ಯಾನಿಲಯಗಳ ಶಿಫಾರಸುಗಳಲ್ಲೂ ಔಷಧದ ಹೆಸರಿನ ಜೊತೆಗೆ ಈ ಸಂಖ್ಯೆ ತಪ್ಪದೆ ಬರಬೇಕು. ರೈತ ಔಷಧದ ಅಂಗಡಿಗೆ ಸಲಹೆ ಕೇಳಲು ಹೋಗುವುದು ಬೇರೆ ಯಾರೂ ಹತ್ತಿರದಲ್ಲಿ ಇಲ್ಲದ ಕಾರಣ. ಅವನನ್ನು ದೂರಿ ಪ್ರಯೋಜನವಿಲ್ಲ.

ಎರಡನೆಯದಾಗಿ, ಅದೇ ಬದಲಾವಣೆ ಅದೇ ಜಾಗದಲ್ಲಿ ಬರುವುದರಿಂದ ಅದನ್ನು ಪ್ರಯೋಗಶಾಲೆಯಲ್ಲಿ ಗುರುತಿಸಲು ಸಾಧ್ಯ. ಮಣ್ಣು ಪರೀಕ್ಷೆಗೆ ವ್ಯವಸ್ಥೆ ಇರುವಂತೆ ಹಂಗಾಮಿಗೆ ಮೊದಲೇ ಆಯಾ ಪ್ರದೇಶದ ಹುಳುಗಳನ್ನು ಪರೀಕ್ಷಿಸಿ, ಈ ವರ್ಷ ಇಲ್ಲಿ ಯಾವ ಗುಂಪು ಉಪಯೋಗವಿಲ್ಲ ಎಂದು ತಿಳಿಸುವ ವ್ಯವಸ್ಥೆ ಬೇಕು. ನೂರು ವರ್ಷದ ನುಸಿಯ ಅಧ್ಯಯನದ ಫಲ ರೈತನಿಗೆ ಸಲ್ಲಬೇಕಾದ ರೀತಿ ಇದು.

ಅಲ್ಲಿಯವರೆಗೆ ರೈತರು ತಾವೇ ಮಾಡಬಹುದಾದ ಕೆಲಸಗಳು ಇವು:

೧) ದಿನ ಎಣಿಸಿ ಔಷಧ ಹೊಡೆಯುವುದನ್ನು ಬಿಡುವುದು. ಹೊಲ ಸುತ್ತಿ ಹುಳು ಎಣಿಸಿ, ಶಿಫಾರಸು ಮಾಡಿದ ಮಟ್ಟ ದಾಟಿದಾಗ ಮಾತ್ರ ಸಿಂಪಡಿಸುವುದು.

೨) ಕಂಪನಿಯ ಹೆಸರನ್ನಲ್ಲದೆ ಒಳಗಿನ ಔಷಧದ ಹೆಸರನ್ನು ಓದುವುದು. ಯಾವ ದಿನ ಯಾವ ಗುಂಪು ಹೊಡೆದೆವೆಂದು ಒಂದು ಪುಸ್ತಕದಲ್ಲಿ ಬರೆದಿಡುವುದು. ಒಂದು ಪೀಳಿಗೆಯ ಹುಳುವಿಗೆ ಹೊಡೆದ ಗುಂಪನ್ನು ಮುಂದಿನ ಪೀಳಿಗೆಗೆ ಹೊಡೆಯದಿರುವುದು.

೩) ಔಷಧ ಕೆಲಸ ಮಾಡದಿದ್ದರೆ ಅಳತೆ ಹೆಚ್ಚಿಸದಿರುವುದು, ತಾನಾಗಿ ಬೆರಕೆ ಮಾಡದಿರುವುದು. ಆ ಬೆಳೆಗೆ ಶಿಫಾರಸಾದ ಬೇರೆ ಗುಂಪಿಗೆ ಹೋಗುವುದು.

೪) ಔಷಧವಿಲ್ಲದ ಉಪಾಯಗಳನ್ನು ಮುಂದಿಡುವುದು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಪ್ರತಿ ೨೫ ಸಾಲು ಎಲೆಕೋಸಿಗೆ ೨ ಸಾಲು ಸಾಸಿವೆ, ಪ್ರತಿ ೧೬ ಸಾಲು ಟೊಮ್ಯಾಟೊಗೆ ೧ ಸಾಲು ಚೆಂಡುಹೂವು ಬೆಳೆಯಲು ತಿಳಿಸಿದೆ. ಪತಂಗಗಳು ಈ ಬಲೆ ಬೆಳೆಗೆ ಹೋಗಿ ಮೊಟ್ಟೆಯಿಡುತ್ತವೆ. ಬೇವಿನ ಬೀಜದ ಕಷಾಯವನ್ನು ಮರೆಯಬಾರದು. ಯೂರಿಯಾವನ್ನು ಮಿತಿಮೀರಿ ಹಾಕಿ ಬೆಳೆಯನ್ನು ಕೊಬ್ಬಿಸಿದರೆ ರಸ ಹೀರುವ ಕೀಟಗಳಿಗೆ ಎಲೆ ಹಾಕಿ ಊಟಕ್ಕೆ ಕರೆದಂತೆ ಎಂದು ಬೇಸಾಯಶಾಸ್ತ್ರದವನಾಗಿ ಒತ್ತಿ ಹೇಳುತ್ತೇನೆ.

೫) ಇದೆಲ್ಲವನ್ನೂ ಒಬ್ಬರೇ ಮಾಡಿದರೆ ಸಾಲದು. ಪತಂಗಕ್ಕೆ ಸರ್ವೆ ಕಲ್ಲು ಅಡ್ಡಿಯಾಗುವುದಿಲ್ಲ. ಒಂದು ಊರಿನ, ಕಡೆಯಪಕ್ಷ ಒಂದು ಬಯಲಿನ ರೈತರು ಕೂಡಿ ಈ ತಿಂಗಳು ಈ ಗುಂಪು, ಮುಂದಿನ ತಿಂಗಳು ಆ ಗುಂಪು ಎಂದು ಗೊತ್ತುಮಾಡಿಕೊಳ್ಳಬೇಕು. ಕೆರೆಯ ನೀರಿಗೆ ಸರದಿ ಮಾಡಿಕೊಂಡ ಜನ ನಾವು. ಔಷಧಕ್ಕೂ ಸರದಿ ಮಾಡಿಕೊಳ್ಳುವುದು ಕಷ್ಟವಾಗಲಾರದು.

ಕೆಲವು ನಿರೋಧಕ ಗುಣಗಳಿಗೆ ಹುಳುವೂ ಬೆಲೆ ತೆರಬೇಕಾಗುತ್ತದೆ. ಡೀಲ್ಡ್ರಿನ್ ತಡೆಯುವ ನುಸಿಗಳು ಹೆಚ್ಚು ಬಿಸಿಯಲ್ಲಿ ನಿಶ್ಚೇಷ್ಟಿತವಾಗಿ ಬೀಳುತ್ತವೆ. ಔಷಧದ ಒತ್ತಡ ತಪ್ಪಿದರೆ ಅಂಥ ಹುಳುಗಳು ಹಿಂದೆ ಬೀಳುವ ಸಂಭವವಿದೆ. ಎಲ್ಲದರಲ್ಲೂ ಹೀಗಾಗುತ್ತದೆಂದು ಹೇಳಲಾಗದು. ಆದರೂ ಇಂದು ಕೆಲಸ ಮಾಡುತ್ತಿರುವ ಔಷಧಗಳನ್ನು ಜೋಪಾನ ಮಾಡಿದರೆ ಅವು ನಮ್ಮ ಮಕ್ಕಳ ಕಾಲಕ್ಕೂ ಉಳಿದಾವು. ಔಷಧದ ಶಕ್ತಿಯೂ ನೆಲದ ಫಲವತ್ತತೆಯಂತೆ ಒಂದು ಆಸ್ತಿ. ದುಂದು ಮಾಡಿದರೆ ಅದೂ ಮುಗಿಯುತ್ತದೆ. ಮುಂದಿನ ಹಂಗಾಮಿನಲ್ಲಿ ಔಷಧ ಕೊಳ್ಳುವ ಮೊದಲು ಪ್ರತಿಯೊಬ್ಬ ರೈತರೂ ಅಂಗಡಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಲಿ: "ಇದು ಯಾವ ಗುಂಪಿನದು?" ಉತ್ತರ ಸಿಗದಿದ್ದರೆ ಆ ಬಾಟಲಿಯನ್ನು ಅಲ್ಲೇ ಬಿಟ್ಟು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಬರಲಿ.